ಮಾವ ಅಲ್ಲಾಡಿಸಿದ ವ್ಯಾನು

ನಮ್ಮ ಸೋದರಮಾವ ಅಲ್ಲಾಡಿಸಿ ನೋಡದೆ ಬಿಟ್ಟ ವಸ್ತು ಈ ಭೂಮಿಯ ಮೇಲೆ ಏನಾದರೂ ಇದ್ದರೆ, ಅದು ಇನ್ನೂ ಅವರ ಕೈಗೆ ಸಿಕ್ಕಿಲ್ಲ ಎಂದಷ್ಟೇ ಅರ್ಥ! ತಪ್ಪು ಅವರದಲ್ಲ, ಕಸುಬಿನದು. ತಿಪಟೂರಿನಲ್ಲಿ ಕೊಬ್ಬರಿ ಮಾಡುವವರು ಕಾಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಕಾಯುತ್ತಾರೆ. ಒಳಗಿನ ನೀರೆಲ್ಲ ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿದೆಯೋ ಇಲ್ಲವೋ ಎಂದು ಒಡೆಯದೆ ತಿಳಿಯುವುದು ಹೇಗೆ? ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗುಳುಗುಳು ಅಂದರೆ ಇನ್ನೂ ನೀರು, ಲೊಟಲೊಟ ಅಂದರೆ ಕೊಬ್ಬರಿ. ಈ ವಿಷಯದಲ್ಲಿ ಮಾವನ ಕಿವಿ ಊರಿಗೇ ಹೆಸರುವಾಸಿ. ತೊಂದರೆ ಏನೆಂದರೆ, ಅಟ್ಟದಿಂದ ಕೆಳಗಿಳಿದ ಮೇಲೂ ಅವರು ಆ ಅಭ್ಯಾಸ ಬಿಡುತ್ತಿರಲಿಲ್ಲ.

ಗಡಿಯಾರ ನಿಂತರೆ ಅಲ್ಲಾಡಿಸುವರು. ರೇಡಿಯೋ ಗೊರಗೊರ ಅಂದರೆ ಅಲ್ಲಾಡಿಸುವರು. ನಾನಾಗ ಅವರ ಮನೆಯಲ್ಲಿದ್ದುಕೊಂಡು ಕಾಲೇಜಿಗೆ ಹೋಗುತ್ತಿದ್ದೆ. ಹಾಲ್ಕುರಿಕೆ ಕಡೆಯಿಂದ ಒಂದು ಗಂಡು ನನ್ನನ್ನು ನೋಡಲು ಬಂದಿತ್ತು. ಮಾವ ಬಾಗಿಲಲ್ಲೇ ಅವನ ಕೈ ಹಿಡಿದು ಕುಲುಕಿದರು. ಅದೆಂಥ ಕುಲುಕು ಅಂತೀರಿ! ಹುಡುಗನ ಕನ್ನಡಕ ಮೂಗಿನ ತುದಿಗೆ ಬಂತು. ಅವರೆಲ್ಲ ಉಪ್ಪಿಟ್ಟು ತಿಂದು ಹೋದ ಮೇಲೆ, ಹುಡುಗ ಹೇಗೆ ಎಂದು ಅತ್ತೆ ಕೇಳಿದರು. "ಒಳಗಿನ್ನೂ ನೀರೈತೆ ಕಣೆ. ಇನ್ನೊಂದು ವರ್ಷ ಅಟ್ಟದ ಮೇಲಿರ್ಲಿ ಬುಡು" ಅಂದರು ಮಾವ. ಸಂಬಂಧ ಅಲ್ಲಿಗೆ ನಿಂತಿತು. ನನಗೇನೂ ಬೇಜಾರಾಗಲಿಲ್ಲ ಎನ್ನುವುದು ಬೇರೆ ಮಾತು.

ಇಂಥವರ ಕೈಗೆ ಒಂದು ಹಳೇ ಪೆಟ್ರೋಲ್ ವ್ಯಾನು ಸಿಕ್ಕಿತು. ಎಷ್ಟು ಹಳೆಯದು? ಮೈಲಿ ತೋರಿಸುವ ಮೀಟರಿನಲ್ಲಿ ಒಂಬತ್ತುಗಳೆಲ್ಲ ಮುಗಿದು, ಅದು ತಿರುಗಿ ಸೊನ್ನೆಯಿಂದ ಶುರುವಾಗಿತ್ತು. ಹಾಗಾಗಿ ಅದು ಹೊಸ ಗಾಡಿ ಎಂದೇ ಮಾವನ ವಾದ. ಆದರೆ ಅದನ್ನು ಕೊಂಡಿದ್ದು ಜಂಬಕ್ಕಲ್ಲ. ಅತ್ತೆಗೆ ವಾತ ಹಿಡಿದು ಕಾಲು ಸ್ವಾಧೀನ ತಪ್ಪಿತ್ತು. ಬಸ್ಸಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ದಂಡಿನಶಿವರದಲ್ಲಿ ಅವರ ಒಬ್ಬಳೇ ತಂಗಿ ಇದ್ದಳು. ವ್ಯಾನಿದ್ದರೆ ಭಾನುವಾರ ಅವಳ ಮುಖ ನೋಡಬಹುದು, ಇಲ್ಲದಿದ್ದರೆ ಮನೆಯ ಗೋಡೆ ನೋಡಿಕೊಂಡು ಕೂರಬೇಕು. ಅತ್ತೆಯ ಪಾಲಿಗೆ ಹೊರಗಿನ ಪ್ರಪಂಚ ಅಂದರೆ ಆ ವ್ಯಾನೇ ಆಗಿತ್ತು.

ವ್ಯಾನು ಬಂದ ಹೊಸದರಲ್ಲೇ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಕಳೆದುಹೋಯಿತು. ತೆಗೆದು, ಅಲ್ಲಾಡಿಸಿ ನೋಡಿ, ಎಲ್ಲಿಟ್ಟರೋ ದೇವರಿಗೇ ಗೊತ್ತು! ತಿಪಟೂರಿನವರು ಇಂಥದ್ದಕ್ಕೆಲ್ಲ ಅಂಗಡಿಗೆ ಓಡುತ್ತಾರೆಯೇ? ಮಾವ ಒಂದು ಒಣಗಿದ ತೆಂಗಿನಕಾಯಿ ಸಿಪ್ಪೆಯನ್ನು ಕೆತ್ತಿ ಬಿರಡೆ ಮಾಡಿದರು. ಟ್ಯಾಂಕಿನ ಬಾಯಿ ಸರಿಯಾಗಿ ಅತ್ತೆ ಕೂರುವ ಕಿಟಕಿಯ ಕೆಳಗೇ ಇತ್ತು. ಪೆಟ್ರೋಲ್ ವಾಸನೆಗೆ ಹೊಟ್ಟೆ ತೊಳೆಸುತ್ತದೆ ಎಂದು ಅತ್ತೆ ಒಂದು ಸಲ ಅಂದದ್ದೇ ತಡ, ಆ ಬಿರಡೆಗೆ ಸೈಕಲ್ ಟ್ಯೂಬು ಸುತ್ತಿ ಗಾಳಿ ಸಹ ಆಡದಂತೆ ಬಿಗಿ ಮಾಡಿದರು. ಬಂದವರಿಗೆಲ್ಲ ಅದನ್ನು ತೋರಿಸಿ ಮೆಚ್ಚುಗೆ ಪಡೆದರು.

ಆಮೇಲೆ ಶುರುವಾಯಿತು ನೋಡಿ ಕಾಯಿಲೆ. ಊರು ಬಿಟ್ಟಾಗ ಗಾಡಿ ಕುದುರೆ ಥರ ಓಡುವುದು. ಅರ್ಧ ದಾರಿಯ ಏರು ಬಂತು ಅನ್ನುವಾಗ ದಮ್ಮು ಕಮ್ಮಿಯಾಗುವುದು. ಗೇರು ಇಳಿಸಿದರೂ ಎಳೆಯದೆ, ಕೆಮ್ಮಿ, ತಿಣುಕಿ, ಏರಿನ ತಲೆಯಲ್ಲಿ ದಾರಿ ಕಾಯುವ ದೇವರು ಮುನಿಯಪ್ಪನ ಕಲ್ಲಿನ ಮುಂದೆ ನಿಂತೇಬಿಡುವುದು. ಮೊದಲ ಸಲ ನಿಂತಾಗ ಮಾವ ಬಿರಡೆ ಕಿತ್ತು, ಕಡ್ಡಿ ಇಳಿಬಿಟ್ಟು ನೋಡಿದರು. ಪೆಟ್ರೋಲ್ ಇತ್ತು. ಬಿರಡೆ ಮತ್ತೆ ಜಡಿದು ತಲೆ ಕೆರೆದುಕೊಂಡಾಗ, ಗಾಡಿ ಕೊಂಡ ಮೇಲೆ ಮುನಿಯಪ್ಪನಿಗೆ ಕಾಯಿ ಒಡೆದಿಲ್ಲ ಎನ್ನುವುದು ನೆನಪಾಯಿತು. ಒಡೆದರು. ಗಾಡಿಯ ಬಾಗಿಲಲ್ಲೇ ಅತ್ತೆಯ ಪಕ್ಕ ಕೂತು, ಕಾಯಿ ಚೂರಿಗೆ ಬೆಲ್ಲ ಸೇರಿಸಿ ಅವರಿಗೂ ಕೊಟ್ಟು ತಾವೂ ತಿಂದರು. ಆಮೇಲೆ ಕೀ ತಿರುಗಿಸಿದರೆ ಎಂಜಿನ್ ಗುರ್ ಅಂತ ಶುರುವಾಯಿತು!

ಇನ್ನೇನು ಬೇಕು? ಮುನಿಯಪ್ಪ ವಾರಕ್ಕೊಂದು ಕಾಯಿ ಕೇಳುತ್ತಿದ್ದಾನೆ ಎಂದು ತೀರ್ಮಾನವಾಯಿತು. ಬೇರೆ ಸೀಮೆಯವರಾದರೆ ಹರಕೆ ತೀರಿಸಲು ಯೋಚಿಸಬೇಕಿತ್ತು, ನಮ್ಮ ಮನೆಯಲ್ಲಿ ಕಾಯಿಗೆ ಬರವೇ? ಪ್ರತಿ ಭಾನುವಾರವೂ ಅದೇ ಪೂಜೆ. ಗಾಡಿ ನಿಲ್ಲುವುದು, ಬಿರಡೆ ಕೀಳುವುದು, ಕಡ್ಡಿ ಇಳಿಬಿಡುವುದು, ಕಾಯಿ ಒಡೆಯುವುದು, ಇಬ್ಬರೂ ಕೂತು ತಿನ್ನುವುದು. ನಾನು ಕೆಳಗಿಳಿದು ಹುಣಸೆಮರದ ನೆರಳಲ್ಲಿ ಪುಸ್ತಕ ಓದುತ್ತಿದ್ದೆ.

ಆದರೆ ಮುನಿಯಪ್ಪನ ಆಸೆ ದಿನೇ ದಿನೇ ಹೆಚ್ಚಿತು. ಬರುವಾಗಲೂ ನಿಲ್ಲಿಸತೊಡಗಿದ. ಮಾವನಿಗೆ ಅನುಮಾನ ಬಂತು, ತಮ್ಮ ಹಳೇ ವಿದ್ಯೆಗೆ ಇಳಿದರು. ಕಾಯಿ ಸುಲಿಯುವ ಆಳುಗಳನ್ನು ಕರೆದು ವ್ಯಾನಿನ ಎರಡೂ ಪಕ್ಕ ನಿಲ್ಲಿಸಿದರು. ತಾವು ಬಾನೆಟ್ಟಿಗೆ ಕಿವಿಯಿಟ್ಟು, ಅಲ್ಲಾಡಿಸಿ ಎಂದು ಅಪ್ಪಣೆ ಕೊಟ್ಟರು. ಇಡೀ ಬೀದಿ ನೋಡಲು ಸೇರಿತು. ಏನೋ ಲೊಟಲೊಟ ಅಂದಿತು. ಮಾವನ ಮುಖ ಅರಳಿತು. ಹುಡುಕಿದರೆ ಸೀಟಿನ ಕೆಳಗೆ ಅತ್ತೆ ಆರು ತಿಂಗಳಿಂದ ಹುಡುಕುತ್ತಿದ್ದ ಎಲೆಅಡಿಕೆ ಡಬ್ಬಿ!

ಕೊನೆಗೆ ಮೆಕ್ಯಾನಿಕ್ಕನ್ನು ಕರೆಸಿದರು. ಅವನು ಪ್ಲಗ್ಗು ಉಜ್ಜಿದ, ಕಾರ್ಬೊರೇಟರ್ ತೊಳೆದ, ಸಂತೆ ಬೀದಿಯವರೆಗೆ ಒಂದು ಸುತ್ತು ಓಡಿಸಿದ. ಅಷ್ಟು ಹತ್ತಿರಕ್ಕೆ ಅದು ಕೆಡುವುದಾದರೂ ಹೇಗೆ, ಪಾಪ? ಬಿರಡೆಯನ್ನು ನೋಡಿ ಚೆನ್ನಾಗಿದೆ ಸಾರ್ ಎಂದು ಹೊಗಳಿದ. ಗಾಡಿಗೆ ವಯಸ್ಸಾಗಿದೆ, ಎಂಜಿನ್ ಪೂರ್ತಿ ಸವೆದಿದೆ, ಇನ್ನು ಮಾರಿಬಿಡುವುದೇ ವಾಸಿ ಎಂದು ಹೇಳಿ ಹೋದ. ಮಾವ ಎರಡು ದಿನ ಅಟ್ಟ ಹತ್ತಲಿಲ್ಲ. ಚಿಕ್ಕನಾಯಕನಹಳ್ಳಿಯ ಒಬ್ಬರು ಬಿಚ್ಚಿ ಬಿಡಿಭಾಗ ಮಾರುವುದಕ್ಕೆಂದು ಅದನ್ನು ಕೊಳ್ಳಲು ಒಪ್ಪಿದರು. ಸೋಮವಾರ ಬಂದು ಎಳೆದುಕೊಂಡು ಹೋಗುವುದೆಂದಾಯಿತು. ಅತ್ತೆ ಭಾನುವಾರ ತಂಗಿಗೆ ಕೊಡಲು ಚಕ್ಕುಲಿ ಮಾಡಿಸಿದರು, ಎಂದಿಗಿಂತ ಜಾಸ್ತಿ.

ಆ ಭಾನುವಾರವೂ ವ್ಯಾನು ಮುನಿಯಪ್ಪನ ಮುಂದೆ ನಿಂತಿತು. ಮಾವ ಇಳಿದು ಕಾಯಿ ಕೈಗೆತ್ತಿಕೊಂಡರು.

"ಕಾಯಿ ಕೆಳಗಿಡ್ರಿ" ಅಂದರು ಅತ್ತೆ. "ಆ ಬಿರಡೆ ಕಿತ್ತು, ಗಾಡಿ ಹೊರಡ್ಸಿ."

"ಮುನಿಯಪ್ಪಂಗೆ?"

"ಮುನಿಯಪ್ಪಂದೇನೂ ಇಲ್ಲ. ಕೀಳಿ."

ಮಾವ ಕಿತ್ತರು. ಉಸ್ ಅಂತ ಶಬ್ದವಾಯಿತು. ಕೀ ತಿರುಗಿಸಿದರೆ ಎಂಜಿನ್ ಒಂದೇ ಸಲಕ್ಕೆ ಶುರುವಾಗಿ, ಒಂದಿಷ್ಟೂ ಕೆಮ್ಮದೆ ಓಡತೊಡಗಿತು. ಅತ್ತೆ ಸಾವಧಾನವಾಗಿ ಬಿಡಿಸಿ ಹೇಳಿದರು. ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಸುರಿಯುತ್ತದೆಯೇ? ಗಾಳಿ ಹೋಗಲು ಇನ್ನೊಂದು ತೂತು ಮಾಡುವುದಿಲ್ಲವೇ? ಈ ಟ್ಯಾಂಕಿನ ಬಾಯಿ ಗಾಳಿ ಆಡದಂತೆ ಮುಚ್ಚಿದರೆ ಪೆಟ್ರೋಲ್ ಇಳಿಯುವುದಾದರೂ ಹೇಗೆ? ಬಿರಡೆ ಕಿತ್ತಾಗಲೆಲ್ಲ ಅದು ಉಸಿರು ಎಳೆದುಕೊಳ್ಳುವುದು ಮೇಲೆ ಕಿಟಕಿಯಲ್ಲಿ ಕೂತ ತಮ್ಮ ಕಿವಿಗೆ ಬೀಳುತ್ತಿತ್ತು. ಒಂದು ತೂತು ಕೊರೆದರೆ ಮುಗಿಯಿತು, ಗಾಡಿ ಮಾರುವುದು ಬೇಡ.

ಊರಿಗೇ ಹೆಸರುವಾಸಿಯಾದ ಕಿವಿಯವರು ಬಿರಡೆ ಹಿಡಿದುಕೊಂಡು ರಸ್ತೆಯಲ್ಲಿ ನಿಂತಿದ್ದರು. ನನಗೆ ನಗು ತಡೆಯಲಾಗಲಿಲ್ಲ.

"ಯಾವಾಗ ಗೊತ್ತಾಯ್ತೇ ನಿಂಗೆ?"

"ಎರಡ್ನೇ ವಾರಾನೇ ಗೊತ್ತಾಯ್ತು."

"ಮತ್ತೆ ಹೇಳ್ಬಾರ್ದಾ? ಇಷ್ಟು ದಿನ ಸುಮ್ನೆ ಕೂತಿದ್ಯಲ್ಲೇ."

ಅತ್ತೆ ಸೆರಗು ಸರಿಮಾಡಿಕೊಂಡರು. "ಮನೇಲಿ ಒಂದು ದಿನನಾದ್ರೂ ನನ್ ಪಕ್ಕ ಕೂತಿದ್ದೀರಾ ನೀವು? ಅಟ್ಟ, ಕೊಬ್ಬರಿ ಮಂಡಿ, ತೋಟ. ಗಾಡಿ ಕೆಟ್ಟಾಗ್ಲೇ ಅಲ್ವಾ ಕೂರ್ತಿದ್ದಿದ್ದು."

ನನ್ನ ನಗು ಅಲ್ಲೇ ನಿಂತಿತು. ಮದುವೆಯಾಗಿ ಅಷ್ಟು ವರ್ಷಗಳಾದ ಮೇಲೂ ಗಂಡನ ಜೊತೆ ಒಂದು ಅರ್ಧ ಗಂಟೆಗಾಗಿ ಒಬ್ಬ ಹೆಂಗಸು ವ್ಯಾನು ಕೆಡಲಿ ಎಂದು ಕಾಯುತ್ತಿದ್ದರು. ಆ ವ್ಯಾನೇ ಕೈಬಿಟ್ಟುಹೋಗುವ ದಿನ ಬಂದಾಗ ಅರ್ಧ ಗಂಟೆಯನ್ನೂ ಬಿಟ್ಟುಕೊಟ್ಟಿದ್ದರು.  ಪುಸ್ತಕ ತೆಗೆದುಕೊಂಡು ಹುಣಸೆಮರದ ಕಡೆ ನಡೆದೆ.

ತಿರುಗಿ ನೋಡಿದಾಗ ಮಾವ ಕಿಟಕಿಯೊಳಗೆ ಕೈಹಾಕಿ, ಚೆನ್ನಾಗಿ ಓಡುತ್ತಿದ್ದ ಎಂಜಿನ್ನನ್ನು ಆರಿಸುತ್ತಿದ್ದರು. ಆಮೇಲೆ ಬಂದು ಅತ್ತೆಯ ಪಕ್ಕ ಕೂತರು. ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ. ಬಹಳ ಹೊತ್ತು ಮಾತಾಡಿದರು.

ದಂಡಿನಶಿವರ ಮುಟ್ಟಿದಾಗ ಊಟದ ಹೊತ್ತು ಮೀರಿತ್ತು. ಇಷ್ಟೊತ್ತು ಯಾಕಾಯ್ತು ಭಾವ ಎಂದು ಅತ್ತೆಯ ತಂಗಿ ಬಾಗಿಲಲ್ಲೇ ಕೇಳಿದಳು.

"ಗಾಡಿ ಕೆಟ್ಟಿತ್ತು ಕಣಮ್ಮ" ಅಂದರು ಮಾವ.