ಸ್ವಲ್ಪ ಇಳಿಸಪ್ಪಾ

ಹೊಸ ವಸ್ತು ಕೊಂಡರೆ ಬಿಲ್ಲು ಸಿಗುತ್ತದೆ, ಹಳೆಯದನ್ನು ಕೊಳ್ಳಲು ಹೋದರೆ ಕಥೆ ಸಿಗುತ್ತದೆ. ನಮ್ಮ ಮನೆಯ ಫ್ರಿಜ್ಜು, ಹೊಲಿಗೆ ಯಂತ್ರ, ದಿವಾನ್ ಮಂಚ ಎಲ್ಲವೂ ಬೇರೆಯವರ ಮನೆಯಲ್ಲಿ ಬಾಳಿ ಬಂದವೇ, ಒಂದೂ ಕಥೆಯಿಲ್ಲದೆ ಬಂದದ್ದಿಲ್ಲ. ಆದ್ದರಿಂದ ಕಾರಿನ ವಿಷಯದಲ್ಲಿ ಬೇರೆ ಏನೋ ಆಗುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ.

ಕಾರು ಬೇಕಾದದ್ದು ನಮ್ಮ ಯಜಮಾನರ ಬೆನ್ನಿಗೆ. ಬೆನ್ನುಮೂಳೆಯ ಆಪರೇಷನ್ ಆದ ಮೇಲೆ ವಾರವಾರವೂ ಹೆಬ್ಬಾಳಕ್ಕೆ, ವ್ಯಾಯಾಮ ಮಾಡಿಸುವ ಡಾಕ್ಟರಮ್ಮನ ಹತ್ತಿರ ಹೋಗಬೇಕಿತ್ತು. ನಾವಿರುವುದು ಅಬ್ಬಿಗೆರೆ. ನಡುವಿನ ರಸ್ತೆಯ ಬಗ್ಗೆ ನಾನು ಹೇಳುವುದು ಬೇಡ, ಹೋದವರಿಗೆ ಗೊತ್ತು. ಒಂದೆರಡು ಸಲ ಆಟೋದಲ್ಲಿ ಹೋಗಿ ಬಂದ ಇವರು, "ನಡೆಯೋಕೆ ಬರದೇ ಇದ್ರೂ ಪರವಾಗಿಲ್ಲ, ಇನ್ನು ಆಟೋ ಹತ್ತಲ್ಲ" ಎಂದು ಕುಳಿತುಬಿಟ್ಟರು. ಡಾಕ್ಟರಮ್ಮ ಮಾತ್ರ, ವ್ಯಾಯಾಮ ಬಿಟ್ಟರೆ ಕಾಲು ಹಿಡಿದುಕೊಳ್ಳುತ್ತದೆ, ಆಮೇಲೆ ನನ್ನ ಕೈಯಲ್ಲೂ ಆಗುವುದಿಲ್ಲ ಎಂದು ಹೇಳಿಬಿಟ್ಟಿದ್ದರು.

ಸೋಲದೇವನಹಳ್ಳಿ ಕಡೆಯ ಕಾಲೇಜಿನಲ್ಲಿ ಪಾಠ ಮಾಡುವ ನಮ್ಮ ಮಗಳು, ಸೆಕೆಂಡ್ ಹ್ಯಾಂಡ್ ಎಲೆಕ್ಟ್ರಿಕ್ ಕಾರು ನೋಡೋಣ, ಎಂಜಿನ್ನಿನ ಗಡಗಡವೂ ಇರುವುದಿಲ್ಲ ಎಂದಳು. ಒಂದೇ ಎಚ್ಚರ ಬೇಕಿತ್ತು. ಹಳೆಯ ಮಾಲೀಕ ಹುರುಪಿನವನಾಗಿದ್ದರೆ ಕಂಪನಿಯವರು ಹಾಕಿದ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಕಿತ್ತುಹಾಕಿಸಿ ಗಟ್ಟಿಯಾದವನ್ನು ಕೂರಿಸಿರುತ್ತಾನೆ. ಗಾಡಿ ತಗ್ಗಾಗಿ ನೋಡಲು ಚೆನ್ನಾಗಿರುತ್ತದೆ, ತಿರುವಿನಲ್ಲಿ ವಾಲುವುದಿಲ್ಲ. ಆದರೆ ರಸ್ತೆಯ ಒಂದೊಂದು ಕಲ್ಲೂ ಬಂದು ಬೆನ್ನಿಗೆ ಹಾಜರಿ ಹಾಕುತ್ತದೆ. ಅಂಥ ಗಾಡಿಯನ್ನು ಕೊಳ್ಳುವ ಮೊದಲೇ ಗುರುತು ಹಿಡಿಯಬೇಕು. ನಾವು ಮೂವರೂ ಕೆಲಸ ಹಂಚಿಕೊಂಡೆವು. ಮಗಳಿಗೆ ಕಣ್ಣಿನ ಕೆಲಸ, ಇವರಿಗೆ ಬೆನ್ನಿನ ಕೆಲಸ. ಚೌಕಾಸಿಗೆ ನನ್ನ ಬಾಯಿ.

೧. ಅರ್ಧ ಸಂಬಳ

ಮೊದಲ ಫೋನನ್ನು ಇವರೇ ಮಾಡಿದರು. ತಾಲ್ಲೂಕು ಕಚೇರಿಯಿಂದ ನಿವೃತ್ತರಾದವರು, ವಿಚಾರಣೆ ಮಾಡುವುದೆಂದರೆ ಈಗಲೂ ಪ್ರೀತಿ. ಆ ಕಡೆ ಮತ್ತಿಕೆರೆಯ ಒಬ್ಬ ಹುಡುಗ. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸುತ್ತಿತ್ತು.

"ಏನಪ್ಪಾ ವಿಶೇಷ ನಿನ್ನ ಗಾಡೀದು?"

"ಸಸ್ಪೆನ್ಷನ್ ಆಗಿದೆ ಅಂಕಲ್."

ಇವರು ಕನ್ನಡಕ ಸರಿಮಾಡಿಕೊಂಡರು. "ಯಾವಾಗ ಆಯ್ತು?"

"ಹೋದ ವರ್ಷ."

"ಕಾರಣ?"

"ಪರ್ಫಾರ್ಮೆನ್ಸ್ ಅಂಕಲ್."

"ಅಷ್ಟಕ್ಕೇನಾ! ಮಾಡಿದ್ದು ಯಾರು?"

"ನಾನೇ ಮಾಡ್ಸಿದ್ದು. ಮುಂದೆ ಎರಡು, ಹಿಂದೆ ಎರಡು."

"ಒಟ್ಟಿಗೆ ನಾಲ್ಕಾ!"

ಇವರ ಸರ್ವಿಸಿನಲ್ಲಿ ಒಂದೇ ಏಟಿಗೆ ನಾಲ್ವರು ಸಸ್ಪೆಂಡ್ ಆದ ಉದಾಹರಣೆ ಇಲ್ಲ. ಹುಡುಗ ದೊಡ್ಡ ಅಧಿಕಾರಿಯೇ ಇರಬೇಕೆಂದು ಗೌರವ ಬಂದು, 'ನೀನು' ಬಿಟ್ಟು 'ನೀವು' ಹಿಡಿದರು. "ರೀ, ಸಸ್ಪೆನ್ಷನ್ ಅಂದ್ರೆ ಗಾಡಿ ಸ್ಪ್ರಿಂಗು, ಅವನು ಅದರ ವಿಷಯ ಹೇಳ್ತಿರೋದು" ಎಂದು ನಾನು ಪಕ್ಕದಿಂದ ಪಿಸುಗುಟ್ಟಿದೆ. ಕೈಬೀಸಿ ನನ್ನನ್ನು ಸುಮ್ಮನಾಗಿಸಿದರು.

"ಈಗ ಹೇಗಿದಾರೆ ಸರ್?"

"ಈಗ ಸಕತ್ ಸ್ಟಿಫ್ ಅಂಕಲ್. ಸ್ವಲ್ಪಾನೂ ಬಗ್ಗಲ್ಲ."

"ಮೊದಮೊದಲು ಹಾಗೇ ಇರ್ತಾರೆ" ಎಂದರು ಇವರು, ಅನುಭವದಿಂದ. ಆಮೇಲೆ ದನಿ ತಗ್ಗಿಸಿ, "ಮಕ್ಕಳೊಂದಿಗರು ಇರ್ತಾರೆ. ಅರ್ಧ ಸಂಬಳನಾದ್ರೂ ಕೊಡ್ತಿದೀರಾ ಸರ್?"

೨. ಕೆಂಪಗಿದೆ

ಮಗಳು ಮೊಬೈಲಿನಲ್ಲಿ ವೀಡಿಯೋ ನೋಡಿ ವಿದ್ಯೆ ಕಲಿತಳು. ಕಂಪನಿಯ ಸ್ಪ್ರಿಂಗು ಕಪ್ಪಗಿರುತ್ತದೆ, ಗಾಡಿಯ ಜೊತೆಗೇ ಧೂಳು ಹಿಡಿದಿರುತ್ತದೆ. ಹೊರಗೆ ಹಾಕಿಸಿದ್ದು ಕೆಂಪೋ ಹಳದಿಯೋ ಇದ್ದು, ಸುತ್ತಲಿನ ಕೊಳೆಯ ನಡುವೆ ಮದುಮಗಳ ಬಳೆಯಂತೆ ಹೊಳೆಯುತ್ತದೆ. ನೋಡಬೇಕೆಂದರೆ ಗಾಡಿಯ ಕೆಳಗೆ ಮಲಗಬೇಕು.

ಎರಡನೆಯ ಕಾರು ನಮ್ಮ ಅಬ್ಬಿಗೆರೆಯಲ್ಲೇ ಇತ್ತು. ಮಾಲೀಕರು ಮೊದಲು ಹೊಲ ಇದ್ದವರು, ಈಗ ಅದೇ ಹೊಲದಲ್ಲಿ ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟವರು. ಗಾಡಿ ಅವರ ಮನೆಯ ಮುಂದೆ ರಸ್ತೆಯಲ್ಲಿ ನಿಂತಿತ್ತು. ಮಗಳು ಮನೆಯಿಂದ ತಂದ ಚಾಪೆ ಹಾಸಿ, ಟಾರ್ಚು ಹಿಡಿದು ಕೆಳಗೆ ತೂರಿದಳು. ಹೊರಗೆ ಉಳಿದದ್ದು ಎರಡು ಕಾಲು.

ಮೊದಲು ನಿಂತದ್ದು ತರಕಾರಿ ಗಾಡಿಯವನು. ಅವನು ನಿಂತಿದ್ದನ್ನು ನೋಡಿ ಒಂದು ಸ್ಕೂಟರು ನಿಂತಿತು. ಸ್ಕೂಟರು ನಿಂತ ಮೇಲೆ ಜನ ಸೇರಲು ಬೇರೆ ಕಾರಣ ಬೇಕಿಲ್ಲ.

"ಯಾರ್ರೀ ಗುದ್ದಿದ್ದು?" ಎಂದು ಒಬ್ಬರು.

"ಗಾಡಿ ನಿಂತೈತೆ ಕಣ್ರೀ!" ಎಂದು ಮಾಲೀಕ.

"ಗುದ್ದಿದ್ ಮೇಲೆ ಎಲ್ರೂ ನಿಲ್ಲಿಸ್ತಾರೆ. ಆಂಬ್ಯುಲೆನ್ಸ್‌ಗೆ ಫೋನ್ ಮಾಡ್ರೀ ಮೊದ್ಲು."

ಅಷ್ಟರಲ್ಲಿ ಮಾಲೀಕನ ತಾಯಿ ಒಳಗಿನಿಂದ ಬಂದರು. ನನಗಿಂತಲೂ ಹಿರಿಯರು. "ಅಯ್ಯೋ, ಯಾಕವ್ವಾ ಇಂಗ್ ಮಲಗವ್ಳೆ ಈ ಮಗಾ?" ಎಂದು ನನ್ನ ಕೈ ಹಿಡಿದುಕೊಂಡರು. ನಾನು ಹೇಳಲು ಬಾಯಿ ತೆಗೆಯುವುದಕ್ಕೂ ಕೆಳಗಿನಿಂದ ಮಗಳು ಕೂಗುವುದಕ್ಕೂ ಸರಿಹೋಯಿತು:

"ಅಮ್ಮಾ, ಕೆಂಪಗಿದೆ! ಪೂರ್ತಿ ಕೆಂಪಗಿದೆ!"

ಜನ "ಅಯ್ಯಯ್ಯೋ" ಎಂದರು. ತರಕಾರಿಯವನು ನೀರಿನ ಬಾಟಲಿ ತೆಗೆದ. ಅಜ್ಜಿ ಒಳಗೆ ಓಡಿಹೋಗಿ ಮುಷ್ಟಿ ತುಂಬ ಅರಿಶಿನ ತಂದರು. ಇಬ್ಬರು ಸೇರಿ ಮಗಳ ಕಾಲು ಹಿಡಿದು ಹೊರಗೆಳೆದರು. ಅವಳು ಎದ್ದು ಕುಳಿತು, ಕೂದಲಿನ ಮಣ್ಣು ಕೊಡವಿ, "ಸ್ಪ್ರಿಂಗು ಕೆಂಪಗಿದೆ, ಈ ಗಾಡಿ ಬೇಡ" ಎಂದಳು.

ಅಜ್ಜಿ ಕೈಯಲ್ಲಿದ್ದ ಅರಿಶಿನವನ್ನೂ ಗಾಡಿಯನ್ನೂ ನೋಡಿದರು.

"ತಂದಿದ್ ತಂದಾಯ್ತು. ಒಸಿ ಸ್ಪ್ರಿಂಗ್‌ಗೇ ಆಕ್ಬಿಡ್ಲಾ?"

೩. ಲೇ

ಕಣ್ಣಿಗೆ ಸಿಗದ್ದನ್ನು ಬೆನ್ನು ಹಿಡಿಯುತ್ತಿತ್ತು. ಕಾರು ಹಂಪಿನ ಮೇಲೆ ಹಾಯುವಾಗ ಇವರ ಬಾಯಲ್ಲಿ ಏನು ಬರುತ್ತದೆ ಎಂಬುದೇ ನಮ್ಮ ಅಳತೆ. ಕುಲುಕಾಟ ಸಣ್ಣದಾದರೆ "ಶಿವಾ". ದೊಡ್ಡದಾದರೆ "ಅಯ್ಯೋ ಶಿವಾ". ಶಿವನ ಕೈಯಲ್ಲೂ ಆಗುವುದಿಲ್ಲ ಎನಿಸಿದಾಗ "ಲೇ!" ಅದು ನನಗೆ. ಮದುವೆಯಾದಾಗಿನಿಂದ ಇವರು ಸಂಕಟದಲ್ಲಿ ಕರೆಯುವುದು ನನ್ನನ್ನೇ, ಆ ಹೆಸರಿನಲ್ಲೇ.

ಆರ್.ಟಿ. ನಗರದಲ್ಲಿ ಬಟ್ಟೆ ಅಂಗಡಿಯ ಸಾಹೇಬರೊಬ್ಬರ ಕಾರು ನೋಡಲು ಹೋದೆವು. ಬಿಳಿ ಗಡ್ಡ, ಮೆಲುಮಾತು. "ಅಮ್ಮಾ, ಕಂಪನಿಯಿಂದ ಹೇಗೆ ಬಂತೋ ಹಾಗೇ ಇದೆ. ನನ್ನ ತಂಗಿ ಮಗನೇ ಓಡಿಸ್ತಿದ್ದ, ಬಹಳ ಜೋಪಾನ" ಎಂದರು. ಮಗಳು ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೈ ಇಟ್ಟು ನೋಡಿದಳು. ನಾಲ್ಕು ಬೆರಳು ಹೋಗಬೇಕಾದಲ್ಲಿ ಎರಡು ಹೋದವು. "ಅಮ್ಮಾ, ಆ ತಂಗಿ ಮಗ ಜೋಪಾನದ ಹುಡುಗ ಅಲ್ಲ" ಎಂದು ಕಿವಿಯಲ್ಲಿ ಹೇಳಿದಳು.

ಆದರೂ ಸಾಹೇಬರು ಪ್ರೀತಿಯಿಂದ ಕೂರಿಸಿಕೊಂಡು ತಾವೇ ಓಡಿಸಿದರು. ಮೊದಲ ಹಂಪಿಗೇ ಇವರು ಶಿವನನ್ನು ದಾಟಿದರು.

"ಲೇ!"

ಸಾಹೇಬರು ಗಾಡಿ ನಿಲ್ಲಿಸಿದರು. "ಸಾಬ್, ನಾನು ನಿಮಗಿಂತ ಚಿಕ್ಕವನೇ ಇರಬಹುದು. ಆದ್ರೂ ಲೇ ಅನ್ಬೇಡಿ" ಎಂದರು.

"ಅಯ್ಯೋ, ಅದು ನಿಮಗಲ್ಲ ಸಾಹೇಬ್ರೇ, ನನಗೆ" ಎಂದೆ.

ಅವರಿಗೆ ಇನ್ನೂ ನೋವಾಯಿತು. "ನಿಮಗಾ ಆಪಾ? ಈ ವಯಸ್ಸಲ್ಲಿ, ಇಷ್ಟು ಜನರ ಮುಂದೆ? ತೌಬಾ ತೌಬಾ. ಸಾಬ್, ಮನೆ ಹೆಂಗಸರಿಗೆ ಇಜ್ಜತ್ ಕೊಟ್ಟು ನೋಡಿ, ಇದೇ ಗಾಡಿ ತಾನಾಗೇ ಮೆತ್ತಗಾಗುತ್ತೆ."

ಗಾಡಿ ಹೊರಟಿತು. ಇವರು ಕಿಟಕಿಯಾಚೆ ನೋಡುತ್ತಾ ಕುಳಿತರು. ಮುಂದಿನ ಹಂಪು ಮೊದಲಿನದಕ್ಕಿಂತ ದೊಡ್ಡದು.

"ರೀ!" ಎಂದು ಕೂಗಿದರು.

ಮದುವೆಯಾದಾಗಿನಿಂದ ನಾನು ಇವರಿಗೆ ಕೊಡುತ್ತಾ ಬಂದ ಮಾತು ಅದು. ಅವತ್ತು ಒಂದೇ ಒಂದು ಸಲ ವಾಪಸ್ ಬಂತು. ಆ ಗಾಡಿಯನ್ನು ಬಿಟ್ಟದ್ದಕ್ಕೆ ನನಗೆ ಈಗಲೂ ಸ್ವಲ್ಪ ಬೇಸರವಿದೆ.

೪. ಏರಿಸಪ್ಪಾ

ಕೊನೆಗೆ ಯಲಹಂಕದಲ್ಲಿ ಒಂದು ಗಾಡಿ ಸಿಕ್ಕಿತು. ಮಗಳು ಕೆಳಗೆ ತೂರಿ, "ಹಳದಿ" ಎಂದು ವರದಿ ಒಪ್ಪಿಸಿದಳು. ಮಾರುವ ಹುಡುಗ ಮುಚ್ಚುಮರೆ ಮಾಡಲಿಲ್ಲ. "ಹೌದು ಆಂಟಿ, ಚೇಂಜ್ ಮಾಡ್ಸಿದೀನಿ. ಆದ್ರೆ ಇದು ಬೇರೆ ಥರ. ಈ ತಿರುಪು ತಿರುಗಿಸಿದ್ರೆ ಮೆತ್ತಗಾಗುತ್ತೆ. ಈ ರಿಂಗ್ ತಿರುಗಿಸಿದ್ರೆ ಗಾಡಿ ಏರುತ್ತೆ, ಇಳಿಯುತ್ತೆ. ನಿಮಗೆ ಹೇಗ್ ಬೇಕೋ ಹಾಗೆ." ಗಾಡಿಯನ್ನು ಎತ್ತರಿಸಿ, ಮೆತ್ತಗೆ ಮಾಡಿ ಒಂದು ಸುತ್ತು ಕರೆದುಕೊಂಡು ಹೋದ. ಇವರು ಮೊದಲ ಹಂಪಿಗೆ "ಶಿವಾ" ಎಂದರು. ಎರಡನೆಯದಕ್ಕೆ ಏನೂ ಅನ್ನಲಿಲ್ಲ. ತಿರುಗಿ ನೋಡಿದರೆ ನಿದ್ದೆ ಮಾಡುತ್ತಿದ್ದರು. ಆಪರೇಷನ್ ಆದ ಮೇಲೆ ಕುಳಿತಲ್ಲಿ ಇವರು ಕಣ್ಣು ಮುಚ್ಚಿದ್ದು ಅದೇ ಮೊದಲು. ಇದೇ ಗಾಡಿ, ಬಿಡುವುದು ಬೇಡ ಎಂದು ನಾನೂ ಮಗಳೂ ಕಣ್ಣಲ್ಲೇ ಮಾತಾಡಿಕೊಂಡೆವು.

ಉಳಿದದ್ದು ನನ್ನ ಕೆಲಸ, ಚೌಕಾಸಿ. ಮನೆಗೆ ಬಂದು ಫೋನು ಹಚ್ಚಿದೆ. ನಾನು ಹುಟ್ಟಿದ್ದು ಬೀದರದ ಕಡೆ. ನಮ್ಮಲ್ಲಿ "ಕಡಿಮಿ ಮಾಡ್ರಿ" ಅಂತೇವೆ. ಅವತ್ತು ಹಾಗೆ ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಬೆಂಗಳೂರಿಗೆ ಬಂದು ಇಷ್ಟು ವರ್ಷವಾಯಿತು, ಇಲ್ಲಿಯವರ ಹಾಗೆಯೇ ಕೇಳೋಣ ಎಂದು,

"ಸ್ವಲ್ಪ ಇಳಿಸಪ್ಪಾ" ಅಂದೆ.

ಆ ಕಡೆ ಹುಡುಗ ಹಿಗ್ಗಿದ. "ಇಳಿಸ್ಲಾ ಆಂಟಿ? ನಿಜವಾಗ್ಲೂ?"

"ಹೂಂನಪ್ಪಾ. ಈಗ ಇರೋದು ಜಾಸ್ತಿ ಆಯ್ತು."

"ಅಂಕಲ್‌ಗೆ ಪರವಾಗಿಲ್ವಾ?"

"ಅಂಕಲ್‌ಗೆ ಎಷ್ಟು ಇಳಿಸಿದ್ರೂ ಖುಷಿನೇ."

"ಸೂಪರ್ ಆಂಟಿ! ನನಗೂ ಅದೇ ಆಸೆ ಇತ್ತು. ಎಷ್ಟು ಇಳಿಸ್ಲಿ?"

ಮಾರುವವನೇ ಹೀಗೆ ಕೇಳುವುದನ್ನು ನಾನು ಎಲ್ಲೂ ಕಂಡಿರಲಿಲ್ಲ. ಯಲಹಂಕದಲ್ಲಿ ಇನ್ನೂ ಒಳ್ಳೆಯವರಿದ್ದಾರೆ ಎಂದುಕೊಂಡು, "ನಿನ್ನ ಕೈಲಿ ಎಷ್ಟಾಗುತ್ತೋ ಅಷ್ಟೂ ಇಳಿಸು" ಎಂದೆ.

ಭಾನುವಾರ ಹೋದರೆ ಗಾಡಿ ಮೊಟ್ಟೆಯ ಮೇಲೆ ಕುಳಿತ ಕೋಳಿಯಂತೆ ನೆಲಕ್ಕೆ ಅಂಟಿಕೊಂಡಿತ್ತು. ಮಗಳು ಟೈರಿನ ಮೇಲೆ ಬೆರಳು ತೂರಿಸಲು ನೋಡಿದಳು, ಉಗುರೂ ಹೋಗಲಿಲ್ಲ. ನಾಲ್ಕೂ ಚಕ್ರ ಪಂಕ್ಚರ್ ಆಗಿದೆಯೇನೋ ಎಂದು ನಾನು ಕೇಳುವಷ್ಟರಲ್ಲಿ, ಹಿಂದಿನ ನಿದ್ದೆಯನ್ನು ನೆನೆದು ಇವರು ಹತ್ತಿಯೇಬಿಟ್ಟರು. ಹತ್ತಿದರು ಅನ್ನುವುದಕ್ಕಿಂತ ಬಾವಿಗೆ ಇಳಿದ ಹಾಗೆ ಇಳಿದರು. "ಬನ್ನಿ ಆಂಟಿ, ಒಂದ್ ರೌಂಡ್" ಎಂದು ಹುಡುಗ ಅವಸರ ಮಾಡಿದ. ನಾವೂ ಕುಳಿತೆವು.

ಅವರ ಬೀದಿಯ ಕೊನೆಯಲ್ಲಿ ಒಂದು ಹಂಪು. ಮುಂದಿನ ಚಕ್ರ ದಾಟಿತು, ಹಿಂದಿನದು ದಾಟಲಿಲ್ಲ. ಹೊಟ್ಟೆಯಡಿಯಲ್ಲಿ ಕರ್ರೆಂದು ಸದ್ದಾಗಿ ಗಾಡಿ ಹಂಪಿನ ಮೇಲೆ ಕುಳಿತುಕೊಂಡಿತು.

"ಯಾರೂ ಅಲ್ಲಾಡ್ಬೇಡಿ, ಬ್ಯಾಟರಿ ಕೆಳಗಡೆನೇ ಇರೋದು" ಎಂದ ಹುಡುಗ.

"ಯಾಕಪ್ಪಾ ಹಿಂಗ್ ಮಾಡ್ದೆ?" ಎಂದೆ.

"ನೀವೇ ಅಂದ್ರಲ್ಲ ಆಂಟಿ, ಎಷ್ಟಾಗುತ್ತೋ ಅಷ್ಟೂ ಇಳಿಸು ಅಂತ! ಅಂಕಲ್‌ಗೂ ಖುಷಿ ಅಂದ್ರಿ. ಗ್ಯಾರೇಜಲ್ಲಿ ಒಂದಿಡೀ ದಿನ ಕೂತು ಇಳಿಸಿದೀನಿ."

"ನಾನು ಇಳಿಸು ಅಂದದ್ದು ರೇಟು ಕಣಪ್ಪಾ. ಗಾಡಿ ಅಲ್ಲ."

"ಓ" ಎಂದ. ಹುಡುಗ ಬುದ್ಧಿವಂತ, ಒಮ್ಮೆ ಹೇಳಿದರೆ ಸಾಕು, ಮನಸ್ಸಿಗೆ ಹಾಕಿಕೊಳ್ಳುತ್ತಾನೆ.

"ಆಗಿದ್ದು ಆಯ್ತು" ಎಂದೆ ನಾನು, ಸಮಾಧಾನ ಮಾಡುವ ದನಿಯಲ್ಲಿ. "ಈಗ ಮೊದಲು ಏರಿಸಪ್ಪಾ."

ಹುಡುಗನ ಮುಖ ಅರಳಿತು. "ನಿಜವಾಗ್ಲೂ? ಥ್ಯಾಂಕ್ಸ್ ಆಂಟಿ! ಎಷ್ಟು ಏರಿಸ್ಲಿ?"

ಗಾಡಿ ನಿಂತೇ ಇತ್ತು, ಒಂದಿಷ್ಟೂ ಅಲ್ಲಾಡಿರಲಿಲ್ಲ. ಆದರೂ ಪಕ್ಕದಿಂದ ಇವರು ಕೂಗಿದರು:

"ಲೇ!"

ಅಂತೂ ಬೆಲೆಯೂ ಗಾಡಿಯೂ ಮೊದಲಿದ್ದ ಎತ್ತರಕ್ಕೇ ಬಂದು ನಿಂತವು. ಗಾಡಿ ಈಗ ನಮ್ಮ ಮನೆಯ ಮುಂದಿದೆ. ವಾರವಾರವೂ ಹೆಬ್ಬಾಳಕ್ಕೆ ಹೋಗುತ್ತೇವೆ. ಇವರು ಹೊರಟ ಸ್ವಲ್ಪ ಹೊತ್ತಿಗೆ ನಿದ್ದೆ ಹೋಗುತ್ತಾರೆ. ಕಷ್ಟವೆಂದರೆ ಅಲ್ಲಿ ತಲುಪಿದ ಮೇಲೂ ಸೀಟು ಬಿಡುವುದಿಲ್ಲ. ಮೊನ್ನೆ ಡಾಕ್ಟರಮ್ಮನೇ ಹೊರಗೆ ಬಂದು ಕಾರಿನ ಬಾಗಿಲು ತೆಗೆದರು.

"ಸರ್, ವ್ಯಾಯಾಮಕ್ಕೆ ಹೊತ್ತಾಯ್ತು. ಸ್ವಲ್ಪ ಇಳೀತೀರಾ?"

ಇವರು ಕಣ್ಣು ಬಿಡದೆಯೇ ನನ್ನ ಕಡೆ ಬೆರಳು ತೋರಿಸಿದರು.

"ಇಳಿಸೋ ವಿಷಯ ಏನಿದ್ರೂ ಇವಳ ಹತ್ರ ಮಾತಾಡಿ."