ಮಾವನವರು ಪೆಟ್ಟಿಗೆಯ ಮೇಲೆ ಕೂತದ್ದು

ಮನೆಗೆ ಆಂಪ್ಲಿಫೈಯರ್, ಸ್ಪೀಕರ್ ಆರಿಸುವುದು ನನ್ನಂಥವನಿಗೆ ದೊಡ್ಡ ಕೆಲಸವಲ್ಲ ಎಂದೇ ತಿಳಿದಿದ್ದೆ. ಮಸ್ಕಿಯಲ್ಲಿ ಬಟ್ಟೆ ಅಂಗಡಿ ಇಟ್ಟವನು ನಾನು. ಮುಟ್ಟಿ ನೋಡಿದರೆ ಸಾಕು, ಮಾಲು ಎಂಥದೆಂದು ಹೇಳಬಲ್ಲೆ. ಸಿಂಧನೂರಿನ ಅಂಗಡಿಯಲ್ಲಿ ಸ್ಪೀಕರ್‌ಗಳನ್ನೂ ಹಾಗೇ ಮುಟ್ಟಿ ಮುಟ್ಟಿ ನೋಡಿದೆ.

"ಹಾಡಿಗೆ ಬೇಕೇನ್ರಿ, ಸಿನಿಮಾಕ್ಕೇನ್ರಿ?" ಎಂದರು ಅಂಗಡಿಯವರು.

"ಎರಡಕ್ಕೂ."

"ಹಾಡಿಗಾದ್ರ ಎರಡು ಚೊಲೊ ಸ್ಪೀಕರ್ ಸಾಕ್ರಿ. ಸಿನಿಮಾಕ್ಕ ಸುತ್ತಲೂ ಐದು, ದಪ್ಪ ದನಿಗೆ ಈ ಪೆಟ್ಟಿಗಿ. ಎರಡೂ ಒಂದರಾಗ ಅಂದ್ರ, ಬಟನ್ ಬದಲಿ ಮಾಡೂದು ಮರೀಬಾರದು ನೋಡ್ರಿ."

ನನ್ನ ನೆನಪಿನ ಶಕ್ತಿಯ ಬಗ್ಗೆ ನನಗೆ ಅಪಾರ ಗೌರವವಿತ್ತು. ಎಲ್ಲವನ್ನೂ ತಂದೆ.

ಆ ಕಪ್ಪು ಪೆಟ್ಟಿಗೆ ಮೊಣಕಾಲೆತ್ತರ. ಪಡಸಾಲೆಯಲ್ಲಿ ಎಲ್ಲಿಟ್ಟರೂ ಕಾಲಿಗೆ ತೊಡರುತ್ತಿತ್ತು. ಕೊನೆಗೆ ಪಕ್ಕದ ದೇವರ ಮನೆಗೆ ಸರಿಸಿ, ಹೆಂಡತಿಯ ಕಣ್ಣಿಗೆ ಬೀಳದಿರಲೆಂದು ಮೇಲೊಂದು ಮಡಿ ವಸ್ತ್ರ ಹೊದಿಸಿದೆ. ಸಂಜೆ ದೆವ್ವದ ಸಿನಿಮಾ ಅರ್ಧ ನೋಡಿದೆ. ಅಡುಗೆಮನೆಯ ಹಂಡೆಯ ಮುಚ್ಚಳ ಕುಣಿಯಿತು. ಆರಿಸಿದ್ದು ಸಾರ್ಥಕವಾಯಿತೆಂದುಕೊಂಡೆ.

ಮರುದಿನ ಬೆಳಗಿನ ಬಸ್ಸಿಗೆ ತುರ್ವಿಹಾಳದಿಂದ ಮಾವನವರು ಬಂದರು. ಸ್ನಾನ ಮುಗಿಸಿ ಲಿಂಗಪೂಜೆಗೆ ಒಳಗೆ ಹೋದರು.

"ಮಾವಾರಿಗೆ ಮೆಲ್ಲಗ ವಚನ ಹಾಕ್ತೀನಿ" ಎಂದೆ.

"ಅಪ್ಪ ಅಂಗೈಯಾಗ ಲಿಂಗ ಹಿಡಕೊಂಡು ಕುಂತಾನ" ಎಂದಳು ಹೆಂಡತಿ ಶಾಂತಾ. "ಇಷ್ಟು ವರ್ಷದಾಗ ಒಮ್ಮೆನೂ ಜಾರಿಲ್ಲ. ನಿಮ್ಮ ಗದ್ದಲಕ್ಕ ಏನರ ಆತಂದ್ರ, ಅಪ್ಪನ ಜೊತಿ ನಾನೂ ಬಸ್ ಹತ್ತಾಕಿ."

ಲಿಂಗ ಕೈಜಾರುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಆದರೂ ಅಳಿಯನ ಹಮ್ಮು ಬಿಡಬೇಕಲ್ಲ, ರಿಮೋಟ್ ಒತ್ತಿದೆ.

ಬಟನ್ ಬದಲಿಸಿರಲಿಲ್ಲ!

ನಿನ್ನೆ ನಿಂತಲ್ಲಿಂದಲೇ ದೆವ್ವ ನಗತೊಡಗಿತು. ದೇವರ ಮನೆಯತ್ತ ಇಣುಕಿದೆ. ಮೊಣಕಾಲು ನೋವಿನ ಮಾವನವರು ನೆಲದ ಮೇಲಿನ ಮಣೆ ಬಿಟ್ಟು ಪೆಟ್ಟಿಗೆಯ ಮೇಲೆಯೇ ಕೂತಿದ್ದರು. ಅವರ ಹೊಟ್ಟೆ, ಗಲ್ಲ, ಕಿವಿ ಎಲ್ಲವೂ ಗಡಗಡ ನಡುಗುತ್ತಿದ್ದವು. ಎಡ ಅಂಗೈಯಲ್ಲಿ ಲಿಂಗ!

ಭಯಕ್ಕೆ ರಿಮೋಟ್ ಕೈಯಿಂದ ಬಿತ್ತು. ಸೆಲ್ಲುಗಳು ಹಾರಿ ಮಂಚದ ಕೆಳಗೆ ಸೇರಿದವು. ಒಂದು ವೈರ್ ಕಿತ್ತೆ, ಫ್ರಿಜ್ ನಿಂತಿತು. ಇನ್ನೊಂದು ಕಿತ್ತೆ, ಫ್ಯಾನ್ ನಿಂತಿತು. ಮೂರನೆಯದಕ್ಕೆ ದೆವ್ವ ಸುಮ್ಮನಾಯಿತು.

ಮಾವನವರು ಹೊರಬಂದಾಗ ನಾನು ನೆಲಕ್ಕೆ ಬಿದ್ದಿದ್ದೆ, ಅರ್ಧ ನಮಸ್ಕಾರಕ್ಕೆ, ಅರ್ಧ ಸೆಲ್ಲು ಹುಡುಕಲಿಕ್ಕೆ.

"ತಪ್ಪಾತ್ರಿ ಮಾವಾರ. ಲಿಂಗ..."

"ಬಲಗೈಲಿ ಮುಚ್ಚಿ ಹಿಡಿದಿದ್ದೆ, ಏನೂ ಆಗಿಲ್ಲ. ಏಳ್ರಿ ಅಳ್ಯಾರ. ವರ್ಷದಿಂದ ಹಿಡಕೊಂಡಿದ್ದ ಸೊಂಟ ಈ ನಡುಗೋ ಪೆಟ್ಟಿಗಿ ಮಣಿ ಮ್ಯಾಲೆ ಕುಂತು ಬಿಟ್ಟೈತಿ. ಇದನ್ನ ಊರಿಗೆ ಒಯ್ತೀನಿ." ಸೊಂಟ ಒತ್ತಿ ನೋಡಿಕೊಳ್ಳುತ್ತ ಕೇಳಿದರು, "ದೆವ್ವ ನಕ್ಕದ್ದು ತಿಳೀತು. ನಡುವ ಯವ್ವಾ ಯವ್ವಾ ಅಂತ ಚೀರಾಕತ್ತಿದ್ದು ಯಾರು?"

ಶಾಂತಾ ನನ್ನತ್ತ ನೋಡಿದಳು. ನಾನು ಮಂಚದ ಕೆಳಗೆ ನೋಡಿದೆ.

ಸಂಜೆ ಪೆಟ್ಟಿಗೆ ಬಸ್ ಹತ್ತಿತು. ಶಾಂತಾ ಹತ್ತಲಿಲ್ಲ, ಅದೇ ನನ್ನ ಪುಣ್ಯ. ಮರುದಿನ ಮಾವನವರ ಫೋನ್ ಬಂತು: "ಮಣಿ ನಡುಗವಲ್ದು. ಉಳಿದ ಯಂತ್ರನೂ ತಗೊಂಡು ಬರ್ರಿ."

ತೊಡೆಯ ಮೇಲೆ ಆಂಪ್ಲಿಫೈಯರ್ ಇಟ್ಟುಕೊಂಡು ತುರ್ವಿಹಾಳದ ಬಸ್ಸಿನಲ್ಲಿ ಕೂತಾಗ ಅರ್ಥವಾಯಿತು: ಹಾಡಿಗೂ ಸಿನಿಮಾಕ್ಕೂ ಒಗ್ಗುವಂಥದನ್ನು ಹುಡುಕಿ ಹುಡುಕಿ, ನಾನು ಆರಿಸಿದ್ದು ಮಾವನವರ ಸೊಂಟಕ್ಕೆ ಒಗ್ಗುವಂಥದನ್ನು.