ಹಲಸಿನ ಮೇಣದ ಜೀಪು

ಬಿಚ್ಚುವುದರಲ್ಲಿ ಇರುವ ಸುಖ ಜೋಡಿಸುವುದರಲ್ಲಿ ಇಲ್ಲ. ಬಿಚ್ಚುವಾಗ ಎಂಥವನೂ ಪಂಡಿತನಂತೆ ಕಾಣುತ್ತಾನೆ. ಒಂದು ಬೋಲ್ಟು ತೆಗೆದು, ಬೆಳಕಿಗೆ ಹಿಡಿದು, ‘ಹೂಂ’ ಎಂದು ತಲೆಯಾಡಿಸಿದರೆ ಸಾಕು, ನೋಡುವವರು ಗೌರವದಿಂದ ಹಿಂದೆ ಸರಿಯುತ್ತಾರೆ. ಜೋಡಿಸುವಾಗ ಅದೇ ಜನ ಹತ್ತಿರ ಬಂದು ಬಗ್ಗಿ ನೋಡುತ್ತಾರೆ. ಗೋಡೆ ಗಡಿಯಾರ, ಹೊಲಿಗೆ ಯಂತ್ರ, ಮಾವನವರು ಮದುವೆಯಲ್ಲಿ ಕೊಟ್ಟ ಸೈಕಲ್ಲು ಎಲ್ಲವೂ ನನ್ನ ಪಾಂಡಿತ್ಯಕ್ಕೆ ಬಲಿಯಾದವು. ಆಮೇಲೆ ಕೈಗೆ ಸಿಕ್ಕಿದ್ದು ಜೀಪು.

ಕೊಡಗು ಇನ್ನೂ ತನ್ನದೇ ಒಂದು ಪುಟ್ಟ ರಾಜ್ಯವಾಗಿದ್ದ ಕಾಲ ಅದು. ನೆಲ್ಯಹುದಿಕೇರಿ ಬಳಿಯ ಕಾಫಿ ಎಸ್ಟೇಟೊಂದರಲ್ಲಿ ನಾನು ರೈಟರ್, ಎಂದರೆ ಲೆಕ್ಕ ಬರೆಯುವವನು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಜೀಪು ನಮ್ಮ ಎಸ್ಟೇಟಿನ ದೊರೆಯ ಕೈಗೆ ಬಂದು, ಅವರಿಗೂ ಸಾಕಾಗಿ, ಕೊನೆಗೆ ನನ್ನ ಮನೆಯ ಮುಂದಿನ ಸೀಬೆ ಮರದಡಿ ಬಂದು ನಿಂತಿತು. ಅದು ಓಡುತ್ತಿತ್ತು. ಇದನ್ನು ಯಾಕೆ ಒತ್ತಿ ಹೇಳುತ್ತೇನೆಂದರೆ, ನಾನು ಇಂಜಿನ್ನು ಬಿಚ್ಚುವ ಮೊದಲು ಅದು ನಿಜವಾಗಿಯೂ ಓಡುತ್ತಿತ್ತು. ಸ್ವಲ್ಪ ಗೊರಗೊರ ಅನ್ನುತ್ತಿತ್ತು, ಅಷ್ಟೆ. ಉಬ್ಬಸದ ಮುದುಕರೂ ಗೊರಗೊರ ಅನ್ನುತ್ತಾರೆ. ಹಾಗೆಂದು ಅವರನ್ನು ಯಾರೂ ಬಿಚ್ಚಿ ನೋಡುವುದಿಲ್ಲ. ನಾನು ಬಿಚ್ಚಿದೆ, ಒರೆಸಿದೆ, ಎಣ್ಣೆ ಹಾಕಿದೆ, ಮತ್ತೆ ಜೋಡಿಸಿದೆ. ಉಳಿದ ಕೆಲವು ಬೋಲ್ಟುಗಳನ್ನು ಕಂಪನಿಯವರ ಔದಾರ್ಯವೆಂದು ತಿಳಿದು ಡಬ್ಬಿಯಲ್ಲಿ ಹಾಕಿಟ್ಟೆ.

ನನ್ನ ಹೆಂಡತಿ ಸಾವಿತ್ರಿಯ ತವರು ಶಿರಂಗಾಲ. ಅವಳ ಅಣ್ಣನ ಮಗುವಿನ ನಾಮಕರಣಕ್ಕೆ ಕರೆ ಬಂದಾಗ “ನಮ್ಮದೇ ಗಾಡಿ ಇರುವಾಗ ಬಸ್ಸು ಯಾಕೆ?” ಎಂದಿದ್ದೆ. ಆಗ ಇಂಜಿನ್ನು ಜಗಲಿಯ ಮೇಲೆ ಹರಡಿಕೊಂಡಿತ್ತು. ಗೌರಿ ಹಬ್ಬಕ್ಕೂ ಅದೇ ಮಾತು. ಆಗ ಇಂಜಿನ್ನು ಜೀಪಿನೊಳಗೆ ಕೂತಿತ್ತು, ಆದರೆ ಅದರಲ್ಲಿ ನೀರು ನಿಲ್ಲುತ್ತಿರಲಿಲ್ಲ. ಎರಡು ಸಲವೂ ಅವಳಿಗೆ ಹೋಗಲಾಗಲಿಲ್ಲ. ಈಗ ಅವಳ ತಂಗಿಯ ವೀಳ್ಯಶಾಸ್ತ್ರಕ್ಕೆ ದಿನ ಗೊತ್ತಾಗಿತ್ತು. ಗಂಡಿನ ಕಡೆಯವರೊಡನೆ ತಾಂಬೂಲ ಬದಲಾಯಿಸುವಾಗ ಹಿರಿಮಗಳು, ಹಿರಿಯಳಿಯ ಇರಲೇಬೇಕು. ಸಾವಿತ್ರಿ ಗಲಾಟೆ ಮಾಡಲಿಲ್ಲ. ಜೀಪಿನಡಿಯಿಂದ ಹೊರಗೆ ಚಾಚಿದ್ದ ನನ್ನ ಕಾಲುಗಳಿಗೆ ಹೇಳಿದಳು: “ನೋಡಿ, ನಂಗೆ ಜೀಪಲ್ಲೇ ಹೋಗ್ಬೇಕು ಅಂತೇನಿಲ್ಲ. ಹೋಗ್ಬೇಕು, ಅಷ್ಟೇ.”

“ಹೋಗೋಣ ಕಣೇ, ಇನ್ನೇನು ಆಯ್ತು,” ಎಂದವು ಕಾಲುಗಳು.

ಆಗಿರಲಿಲ್ಲ. ರೇಡಿಯೇಟರಿಗೆ ನೀರು ಹುಯ್ದ ಸ್ವಲ್ಪ ಹೊತ್ತಿಗೇ ಕೆಳಗಿನ ಮಣ್ಣು ಒದ್ದೆಯಾಗುತ್ತಿತ್ತು. ರಬ್ಬರ್ ಪೈಪಿನ ಕ್ಲಿಪ್ಪು ಬಿಗಿದರೆ ವಾಟರ್ ಪಂಪಿನಲ್ಲಿ ತೊಟ್ಟಿಕ್ಕುತ್ತಿತ್ತು. ಅಲ್ಲಿ ಬಿಗಿದರೆ ಪೈಪು ಇಂಜಿನ್ನಿಗೆ ಸೇರುವ ಮುಚ್ಚಳದಲ್ಲಿ. ಅಲ್ಲಿನ ಗ್ಯಾಸ್ಕೆಟ್ಟು ಬಿಚ್ಚುವಾಗಲೇ ಹರಿದಿದ್ದರಿಂದ ಕ್ಯಾಲೆಂಡರಿನ ರಟ್ಟು ಕತ್ತರಿಸಿ ಹಾಕಿದ್ದೆ. ಅದು ನೀರು ಕುಡಿದು ಹಪ್ಪಳದ ಹಿಟ್ಟಿನಂತಾಗಿತ್ತು. ಎಸ್ಟೇಟಿನ ಸ್ಟೋರು ನೋಡಿಕೊಳ್ಳುವ ಕುಟ್ಟಿ, ತಲಶೇರಿ ಕಡೆಯವನು, ಬಂದು ನೋಡಿ ಮರುಗಿದ. “ಮಂಞಳ್ ಹಾಕಿ ಸಾರೇ, ಅರಿಶಿನ. ಗಾಯಕ್ಕೆ ಆಗ್ತದೆ, ಮತ್ತೆ ಇದಕ್ಕೆ ಆಗೋದಿಲ್ಲವಾ?” ಎಂದ. ಹಾಕಿದೆ. ಸೋರುವುದು ನಿಲ್ಲಲಿಲ್ಲ, ಹಳದಿಯಾಗಿ ಸೋರತೊಡಗಿತು. ಸೋರುವ ಜಾಗ ಈಗ ಚೆನ್ನಾಗಿ ಕಾಣುತ್ತದಲ್ಲ ಎಂದು ಕುಟ್ಟಿ ಅದನ್ನೂ ತನ್ನ ಗೆಲುವಿಗೇ ಸೇರಿಸಿಕೊಂಡ.

ಆಗ ಕಣ್ಣಿಗೆ ಬಿದ್ದದ್ದು ಬಚ್ಚಲಿನ ತಾಮ್ರದ ಕೊಡಪಾನ. ಅದರ ತಳದ ತೂತಿಗೆ ಸಾವಿತ್ರಿ ಬೇಸಗೆಯಲ್ಲಿ ಹಲಸಿನ ಮೇಣ ಮೆತ್ತಿದ್ದಳು. ಹಣ್ಣು ಬಿಡಿಸುವಾಗ ಬರುವ ಮೇಣವನ್ನು ಕೋಲಿಗೆ ಸುತ್ತಿಟ್ಟುಕೊಂಡು, ಏನು ಸೋರಿದರೂ ಅದನ್ನೇ ಬಿಸಿಮಾಡಿ ಮೆತ್ತುವುದು ನಮ್ಮ ಕಡೆಯ ಮನೆಮನೆಯ ಪದ್ಧತಿ. ನಾನೂ ಒಲೆಯ ಮುಂದೆ ಕೂತು ಮೇಣವನ್ನು ಕೆಂಡಕ್ಕೆ ಹಿಡಿದೆ. ಅದು ಮೆತ್ತಗಾಗಿ ನೂಲುನೂಲಾಗಿ ಇಳಿಯಿತು. ಮುಚ್ಚಳಕ್ಕೆ, ಪಂಪಿಗೆ, ಪೈಪಿನ ಬಾಯಿಗೆ ಧಾರಾಳವಾಗಿ ಬಳಿದು, ರೇಡಿಯೇಟರಿಗೆ ನೀರು ತುಂಬಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಜೀಪಿನಡಿಯ ಮಣ್ಣು ಒಣಗಿತ್ತು! ಇಂಜಿನ್ನು ಚಾಲೂ ಮಾಡಿ ನೋಡುವ ಅಗತ್ಯವೇ ನನಗೆ ಕಾಣಲಿಲ್ಲ. ಸೋರುತ್ತಿಲ್ಲ ಎಂದ ಮೇಲೆ ಇನ್ನೇನು?

ವೀಳ್ಯಶಾಸ್ತ್ರದ ದಿನ ಸಾವಿತ್ರಿ ರೇಷ್ಮೆ ಸೀರೆಯುಟ್ಟು, ಹೂವಿನ ಬುಟ್ಟಿ ಮಡಿಲಲ್ಲಿಟ್ಟುಕೊಂಡು ಕೂತಳು. ಹಿಂದಿನ ಸೀಟಿನಲ್ಲಿ ನೀರು ತುಂಬಿದ ಕೊಡಪಾನವೂ ಇತ್ತು. “ಅದ್ಯಾಕೆ?” ಎಂದೆ. “ಇರ್ಲಿ,” ಎಂದಳು. ಇಷ್ಟು ವರ್ಷ ಜೊತೆಯಲ್ಲಿ ಬಾಳಿದವಳು ಆಡುವ ‘ಇರ್ಲಿ’ಗಿಂತ ದೊಡ್ಡ ಅವಮಾನ ಬೇರೆ ಇಲ್ಲ. ಆದರೂ ನಾನು ಗತ್ತಿನಿಂದಲೇ ಹೊರಟೆ. ಗುಡ್ಡೆಹೊಸೂರು ದಾಟುವಾಗ ಸುಟ್ಟ ಹಲಸಿನ ವಾಸನೆ ಬಂತು. ಯಾರದೋ ಮನೆಯಲ್ಲಿ ಹಣ್ಣು ಕೊಯ್ದಿರಬೇಕು ಎಂದೆ. ಹಲಸಿನ ಕಾಲವೇ ಅಲ್ಲವೆಂದು ಸಾವಿತ್ರಿ ನೆನಪಿಸಲಿಲ್ಲ. ಕುಶಾಲನಗರ ಕಳೆದು ಹೆಬ್ಬಾಲೆ ಇನ್ನೂ ದೂರವಿರುವಾಗ ಬಾನೆಟ್ಟಿನಿಂದ ಹಬೆ ಎದ್ದು ರಸ್ತೆಯೇ ಕಾಣದಾಯಿತು. ಇಳಿದು ನೋಡಿದರೆ ಮೇಣವೆಲ್ಲ ಕರಗಿ ಜೋತುಬಿದ್ದಿತ್ತು. ಅದರ ಹಿಂದೆಯೇ ನೀರು ಸುರಿಯುತ್ತಿತ್ತು.

ಸಾವಿತ್ರಿ ಬಗ್ಗಿ ನೋಡಿದಳು. “ಅಲ್ಲಾ ಕಣ್ರೀ, ಮೇಣ ಮೆತ್ತಿದ ಕೊಡಪಾನನ ಯಾರಾದ್ರೂ ಒಲೆ ಮೇಲೆ ಇಡ್ತಾರಾ?”

ಅಷ್ಟರಲ್ಲಿ ಹಿಂದಿನಿಂದ ಬಸ್ಸು ಬಂತು. ಅವಳು ಕೈ ಅಡ್ಡ ಹಿಡಿದು ನಿಲ್ಲಿಸಿ, ಹೂವಿನ ಬುಟ್ಟಿಯನ್ನೂ ನನ್ನ ಜರಿ ಶಲ್ಯವನ್ನೂ ಎತ್ತಿಕೊಂಡು ಹತ್ತಿಬಿಟ್ಟಳು. “ಅಪ್ಪ ಕೇಳಿದ್ರೆ ಬತ್ತಾವ್ರೆ ಅಂತೀನಿ,” ಎಂದಳು ಕಿಟಕಿಯಿಂದ. ನಿಜ ಹೇಳುತ್ತೇನೆ, ಬಸ್ಸು ಮರೆಯಾದಾಗ ಸಿಟ್ಟು ಬರಲಿಲ್ಲ. ಈ ಸಲವಾದರೂ ಅವಳು ಹೊತ್ತಿಗೆ ಸರಿಯಾಗಿ ತಲುಪುತ್ತಾಳಲ್ಲ ಎಂದು ಜೀವಕ್ಕೆ ಸಮಾಧಾನವಾಯಿತು. ಜೊತೆಗೇ, ಇದಕ್ಕೆ ನನ್ನ ಅಗತ್ಯ ಇರಲೇ ಇಲ್ಲವಲ್ಲ ಎಂದು ನಾಚಿಕೆಯೂ ಆಯಿತು.

ಆಮೇಲಿನ ದಾರಿಯೆಲ್ಲ ಭಿಕ್ಷಾಟನೆ. ಕೊಡಪಾನ ಬರಿದಾದ ಮೇಲೆ ಕಂಡ ಮನೆಯ ಮುಂದೆಲ್ಲ ನಿಲ್ಲಿಸುವುದು, ಒಂದು ತಂಬಿಗೆ ನೀರು ಕೇಳುವುದು, ಹುಯ್ಯುವುದು, ಅದು ಸೋರಿಹೋಗುವಷ್ಟು ದೂರ ಓಡಿಸುವುದು. ಮೊದಮೊದಲು ವಿನಯದಿಂದ ಕೇಳುತ್ತಿದ್ದವನು ಕೊನೆಕೊನೆಗೆ ಬಾಯಿ ಬಿಡದೆ ಕೈ ಚಾಚತೊಡಗಿದೆ. ಒಬ್ಬ ಅಜ್ಜಿ, ಪಾಪ, ಬಾಯಾರಿ ಬಂದಿದ್ದಾನೆಂದು ಮಜ್ಜಿಗೆ ತಂದಳು. ಕುಡಿಯಲೋ ಹುಯ್ಯಲೋ ಎಂದು ಒಂದು ಕ್ಷಣ ಯೋಚಿಸಿದ್ದು ಸುಳ್ಳಲ್ಲ.

ಶಿರಂಗಾಲ ಸೇರುವಾಗ ಹೊತ್ತು ಇಳಿದಿತ್ತು. ತಾಂಬೂಲ ಬದಲಾಯಿಸಿ ಆಗಿತ್ತು. ಹಿರಿಯಳಿಯ ಕೂರಬೇಕಾದ ಮಣೆಯ ಮೇಲೆ ಸಾವಿತ್ರಿ ನನ್ನ ಶಲ್ಯವನ್ನು ಮಡಿಸಿಟ್ಟು ಶಾಸ್ತ್ರ ಮುಗಿಸಿದ್ದಳಂತೆ. ನಾನು ಕೂತಿದ್ದರೂ ಅದಕ್ಕಿಂತ ಹೆಚ್ಚೇನೂ ಮಾಡುತ್ತಿರಲಿಲ್ಲವೆನ್ನಿ. ಗಂಡಿನ ಕಡೆಯವರು ಜಗಲಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ, ಹಬೆಯುಗುಳುತ್ತ ಬಂದ ನನ್ನನ್ನೇ ನೋಡುತ್ತಿದ್ದರು. ಮಾವನವರು “ಬನ್ನಿ ಅಳಿಯಂದ್ರೇ, ಬನ್ನಿ” ಎಂದು ಅಂಗಳಕ್ಕಿಳಿದು, ಕಾಲು ತೊಳೆಯಲು ತಂಬಿಗೆ ತುಂಬ ನೀರು ಕೊಟ್ಟರು. ನಾನು ಈಸಿಕೊಂಡೆ. ಹಿಂದಕ್ಕೆ ತಿರುಗಿದೆ. ಬಾನೆಟ್ಟು ಎತ್ತಿದೆ. ಅಷ್ಟೂ ನೀರನ್ನು ರೇಡಿಯೇಟರಿಗೆ ಹುಯ್ದು, ಖಾಲಿ ತಂಬಿಗೆಯನ್ನು ಮಾವನವರಿಗೆ ಹಿಂದಿರುಗಿಸಿ ಕೈ ಮುಗಿದೆ.

ಜಗಲಿಯಲ್ಲಿ ಎಲೆ ಅಗಿಯುವುದು ನಿಂತಿತು. ಬಾಗಿಲಲ್ಲಿದ್ದ ಸಾವಿತ್ರಿ ಸೆರಗನ್ನು ಬಾಯಿಗೆ ಹಿಡಿದುಕೊಂಡೇ ಹೇಳಿದಳು: “ಅಪ್ಪಾ, ಇನ್ನೊಂದು ತಂಬ್ಗೆ ತಗಂಬಾ. ಅದು ಜೀಪಿಗಾಯ್ತು, ಇವರ ಕಾಲಿಗೂ ಬೇಕಲ್ಲ.”

ಮಾವನವರು ಒಳಗೆ ಹೋಗಿ ಮತ್ತೆ ನೀರು ತಂದರು. ನಾನು ಕೈ ಚಾಚಿದೆ. ಈ ಸಲ ಅವರು ತಂಬಿಗೆಯನ್ನು ನನ್ನ ಕೈಗೆ ಕೊಡಲಿಲ್ಲ. “ಕಾಲು ಮುಂದಕ್ಕೆ ಇಡಿ,” ಎಂದು ತಾವೇ ಹುಯ್ದರು.